ಗಾಯದ ನಡುವೆಯೇ ಒಪ್ಪಂದ ಮುಗಿಯುತ್ತಿರುವ ಫುಟ್‌ಬಾಲ್ ಆಟಗಾರ ಕ್ಲಬ್ಬಿನ ಹೊಸ ಕರಾರಿಗೆ ಸಹಿ ಹಾಕಬೇಕೇ?

ಪ್ರಶ್ನೆ – ಬೋಳಾರದ ಮಾವ

ಮಾನ್ಯರೇ, ನನ್ನ ಅಕ್ಕನ ಮಗ ಕಸಬಾ ಬೆಂಗ್ರೆಯ ಹೊಯ್ಗೆಯಲ್ಲಿ ಆಡುತ್ತ ಬೆಳೆದು, ನೆಹರೂ ಮೈದಾನದ ಮಳೆಗಾಲದ ಪಂದ್ಯಗಳಲ್ಲಿ ಹೆಸರು ಮಾಡಿ, ಈಗ ಹೊರರಾಜ್ಯದ ವೃತ್ತಿಪರ ಕ್ಲಬ್ಬೊಂದರಲ್ಲಿ ವಿಂಗರ್ (ಮೈದಾನದ ಅಂಚಿನಲ್ಲಿ ಓಡುವ ಆಕ್ರಮಣದ ಆಟಗಾರ) ಆಗಿದ್ದಾನೆ. ವಯಸ್ಸು 24. ಜನವರಿಯ ಪಂದ್ಯವೊಂದರಲ್ಲಿ ಅವನ ಬಲ ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು) ಹರಿಯಿತು. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಈಗ ಮನೆಯಲ್ಲೇ ಇದ್ದು ಫಿಸಿಯೊಥೆರಪಿಗೆ ಹೋಗಿ ಬರುತ್ತಿದ್ದಾನೆ.

ಅವನ ಒಪ್ಪಂದ ಮೇ 31ಕ್ಕೆ ಮುಗಿಯುತ್ತದೆ. ಕ್ಲಬ್ ಹೊಸ ಕರಾರಿನ ಕರಡು ಕಳುಹಿಸಿದ್ದು, ಅದರಲ್ಲಿ ಒಂದು ವರ್ಷದ ಅವಧಿ, ಈಗಿನ ಸಂಬಳದ ಅರ್ಧ, ಎರಡನೆಯ ವರ್ಷಕ್ಕೆ ಮುಂದುವರಿಸುವುದು ಕ್ಲಬ್ಬಿನ ಇಚ್ಛೆಗೆ ಬಿಟ್ಟದ್ದು, ಮತ್ತು ಸೆಪ್ಟೆಂಬರಿನ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾದರೆ ಮಾತ್ರ ಕರಾರು ಊರ್ಜಿತ ಎಂಬ ಷರತ್ತುಗಳಿವೆ. ಹತ್ತು ದಿನದೊಳಗೆ ಸಹಿ ಬೇಕಂತೆ. ಮೇ ಮುಗಿಯುವ ಮೊದಲು ಬೇರೆ ಕ್ಲಬ್ಬಿನವರೊಡನೆ ಮಾತನಾಡಿದರೆ ಅದು ಒಪ್ಪಂದದ ಉಲ್ಲಂಘನೆ ಎಂದೂ ಫೋನಿನಲ್ಲಿ ಹೇಳಿದ್ದಾರೆ.

ಅಕ್ಕ, ಭಾವ ಇಬ್ಬರೂ ನಿರ್ಧಾರವನ್ನು ನನ್ನ ಮೇಲೆ ಬಿಟ್ಟಿದ್ದಾರೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸಾಲಪತ್ರ ಓದಬಲ್ಲೆನೇ ಹೊರತು ಆಟಗಾರನ ಕರಾರನ್ನಲ್ಲ. ಸಹಿ ಹಾಕಿಸುವುದೋ, ಗುಣವಾಗುವವರೆಗೆ ಕಾಯುವುದೋ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 – ಹಳೆಯ ಸ್ಟಾಪರ್ ಬ್ಯಾಕ್, ಉಳ್ಳಾಲ

ಸಹಿ ಹಾಕಿಸಿ ಎಂಬುದೇ ನನ್ನ ಅಭಿಪ್ರಾಯ. ಗಾಯಗೊಂಡು ಒಪ್ಪಂದವೂ ಇಲ್ಲದೆ ಮನೆಯಲ್ಲಿ ಕುಳಿತ ಹುಡುಗನನ್ನು ನಮ್ಮ ದೇಶದ ಕ್ಲಬ್ಬುಗಳು ಬಹಳ ಬೇಗ ಮರೆಯುತ್ತವೆ. ಹೊಸ ಕ್ಲಬ್ಬಿನವರು ಮೊದಲು ಕೇಳುವುದೇ ಕಳೆದ ಋತುವಿನಲ್ಲಿ ಎಷ್ಟು ನಿಮಿಷ ಆಡಿದ್ದೀಯಾ ಎಂದು.

ಕಾಯಬೇಕೆನ್ನುವವರು ಸ್ವೀಡನ್ನಿನ ಆಟಗಾರ ಜ್ಲಾಟಾನ್ ಇಬ್ರಾಹಿಮೋವಿಚ್ ಅವರ ಉದಾಹರಣೆ ಕೊಡುತ್ತಾರೆ. 2017ರ ಏಪ್ರಿಲಿನಲ್ಲಿ ಅವರ ಮೊಣಕಾಲಿಗೆ ಗಾಯವಾಯಿತು, ಜೂನ್ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಅವರ ಒಪ್ಪಂದವನ್ನು ಮುಗಿಯಲು ಬಿಟ್ಟಿತು, ಆಗಸ್ಟಿನಲ್ಲಿ ಅದೇ ಕ್ಲಬ್ ಮತ್ತೆ ಕರೆದು ಸಹಿ ಹಾಕಿಸಿಕೊಂಡಿತು, ನವೆಂಬರಿನಲ್ಲಿ ಅವರು ಮೈದಾನಕ್ಕೆ ಮರಳಿದರು. ಆದರೆ ಒಪ್ಪಂದವಿಲ್ಲದ ಆ ದಿನಗಳಲ್ಲೂ ಕ್ಲಬ್ಬಿನ ಅಂಗಳದಲ್ಲೇ ಅವರ ಪುನಶ್ಚೇತನ ನಡೆಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಬೆಂಗ್ರೆಯ ಹುಡುಗನಿಗೆ ಆ ಬಾಗಿಲು ಯಾರು ತೆರೆದಿಡುತ್ತಾರೆ?

ಉತ್ತರ 2 – ಮಣಿಪಾಲದ ಫಿಸಿಯೊ

ಹಣದ ವಿಷಯ ನನ್ನದಲ್ಲ. ಆ ಸೆಪ್ಟೆಂಬರ್ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾದ ಮೊಣಕಾಲಿಗೆ ಒಂಬತ್ತು ತಿಂಗಳು ತುಂಬುವುದು ನವೆಂಬರಿನಲ್ಲಿ. 2016ರಲ್ಲಿ ಪ್ರಕಟವಾದ ನಾರ್ವೆ ಮತ್ತು ಅಮೆರಿಕದ ಜಂಟಿ ಅಧ್ಯಯನವೊಂದರ ಪ್ರಕಾರ, ಒಂಬತ್ತನೆಯ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮೊಣಕಾಲು ಮತ್ತೆ ಗಾಯಗೊಳ್ಳುವ ಪ್ರಮಾಣ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ತಿಂಗಳ ಲೆಕ್ಕವೊಂದೇ ಸಾಲದು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಇನ್ನೊಂದು ಕಾಲಿನ ಶೇಕಡಾ 90ಕ್ಕಾದರೂ ಬಂದಿರಬೇಕು, ಒಂಟಿಕಾಲಿನ ಜಿಗಿತದ ಪರೀಕ್ಷೆಗಳಲ್ಲೂ ಅಷ್ಟೇ ಸಮತೋಲ ಕಾಣಬೇಕು. ಓಡುತ್ತ ಓಡುತ್ತ ಥಟ್ಟನೆ ದಿಕ್ಕು ಬದಲಿಸುವುದೇ ಕೆಲಸವಾಗಿರುವ ವಿಂಗರ್‌ಗೆ ಇದರಲ್ಲಿ ರಿಯಾಯಿತಿ ಇಲ್ಲ. ಏಳನೆಯ ತಿಂಗಳಲ್ಲಿ ಅವನನ್ನು ಪರೀಕ್ಷೆಗೆ ನಿಲ್ಲಿಸಿದರೆ ಒಂದೋ ಅವನು ಅನುತ್ತೀರ್ಣನಾಗುತ್ತಾನೆ, ಇಲ್ಲವೇ ಉತ್ತೀರ್ಣನಾಗುವ ಆತುರದಲ್ಲಿ ಮೊಣಕಾಲನ್ನು ಮತ್ತೆ ಕೆಡಿಸಿಕೊಳ್ಳುತ್ತಾನೆ. ಎರಡನೆಯದು ಹೆಚ್ಚು ಕೆಟ್ಟದ್ದು.

ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಎಂಆರ್‌ಐ ಫಿಲ್ಮು, ಫಿಸಿಯೊ ದಾಖಲೆಗಳ ಪ್ರತಿಗಳು ಕ್ಲಬ್ಬಿನ ಕಪಾಟಿನಲ್ಲಷ್ಟೇ ಇರದೆ ನಿಮ್ಮ ಕೈಯಲ್ಲೂ ಇರಲಿ.

ಉತ್ತರ 3 – ಕೊಡಿಯಾಲ್‌ಬೈಲ್ ವಕೀಲ

ಬೋಳಾರದ ಮಾವನವರೇ, ಮೊದಲು ಫೋನಿನ ಬೆದರಿಕೆಯ ವಿಷಯ. ಒಪ್ಪಂದ ಮುಗಿಯಲು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಆಟಗಾರನು ಬೇರೆ ಕ್ಲಬ್ಬಿನೊಡನೆ ಮುಂದಿನ ಅವಧಿಗೆ ಕರಾರು ಮಾಡಿಕೊಳ್ಳಲು ಫಿಫಾ ನಿಯಮಾವಳಿಯ 18ನೆಯ ವಿಧಿಯೇ ಅವಕಾಶ ಕೊಡುತ್ತದೆ. ಮಾತುಕತೆಗೆ ಮೊದಲು ಈಗಿನ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಬೇಕಾದ ಹೊಣೆ ಹೊಸ ಕ್ಲಬ್ಬಿನದು, ನಿಮ್ಮ ಅಳಿಯನದಲ್ಲ. 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಬೊಸ್ಮನ್ ಪರವಾಗಿ ತೀರ್ಪು ಕೊಟ್ಟ ಮೇಲೆ, ಅವಧಿ ಮುಗಿದ ಆಟಗಾರನಿಗೆ ವರ್ಗಾವಣೆ ಶುಲ್ಕ ಕೇಳಿ ಹಿಡಿದಿಡುವ ಪದ್ಧತಿಯೇ ಕುಸಿದು ಇಂದಿನ ಸ್ವಾತಂತ್ರ್ಯ ಬಂದಿದೆ.

ಎರಡನೆಯದಾಗಿ, ಅದೇ 18ನೆಯ ವಿಧಿಯ ಪ್ರಕಾರ ಆಟಗಾರನ ಒಪ್ಪಂದದ ಊರ್ಜಿತತ್ವವನ್ನು ವೈದ್ಯಕೀಯ ತಪಾಸಣೆಯ ಫಲಿತಾಂಶಕ್ಕೆ ಕಟ್ಟುವಂತಿಲ್ಲ. ತಪಾಸಣೆ ಬೇಕಿದ್ದರೆ ಕ್ಲಬ್ ಅದನ್ನು ಸಹಿಗೆ ಮೊದಲೇ ಮಾಡಿಸಿ, ಗಾಯ ತಿಳಿದೇ ಸಹಿ ಹಾಕಬೇಕು. ಹಾಗೆ ಸಹಿಯಾದ ಮೇಲೆ ಗಾಯ ಗುಣವಾಗಲಿಲ್ಲವೆಂಬ ಕಾರಣಕ್ಕೆ ಒಪ್ಪಂದ ಮುರಿಯಲು ಬರುವುದಿಲ್ಲ. ಗಾಯವಾಗಲಿ ಕಳಪೆ ಆಟವಾಗಲಿ ವಜಾ ಮಾಡಲು ನ್ಯಾಯಯುತ ಕಾರಣವಲ್ಲ ಎಂದು ಫಿಫಾದ ವಿವಾದ ಪರಿಹಾರ ಮಂಡಳಿ ಅನೇಕ ಪ್ರಕರಣಗಳಲ್ಲಿ ಹೇಳಿದೆ.

ಇಲ್ಲಿಯೇ ಈ ಕರಡಿನ ಜಾಣತನ ಇರುವುದು. ಅರ್ಧ ಸಂಬಳದ ಒಂದು ವರ್ಷದ ಒಪ್ಪಂದ ಮೇಲ್ನೋಟಕ್ಕೆ ಕಾಣುವಷ್ಟು ಕೆಟ್ಟದ್ದಲ್ಲ, ಏಕೆಂದರೆ ಹುಡುಗ ಒಂದೂ ಪಂದ್ಯ ಆಡದಿದ್ದರೂ ಹನ್ನೆರಡು ತಿಂಗಳ ಸಂಬಳ ಕ್ಲಬ್ಬಿನ ಮೇಲಿನ ಋಣವಾಗಿ ನಿಲ್ಲುತ್ತದೆ. ಆ ಭದ್ರತೆಯನ್ನೇ ಸೆಪ್ಟೆಂಬರಿನ ಷರತ್ತು ಕಿತ್ತುಕೊಳ್ಳುತ್ತದೆ. ಅವನು ಚೆನ್ನಾಗಿ ಚೇತರಿಸಿಕೊಂಡರೆ, ಒಳ್ಳೆಯ ಬೆಲೆಗೆ ಹೊರಹೋಗುವ ದಾರಿಯನ್ನು ಎರಡನೆಯ ವರ್ಷದ ಏಕಪಕ್ಷೀಯ ಆಯ್ಕೆ ಮುಚ್ಚುತ್ತದೆ. ಹೀಗೆ ಗುಣವಾಗದಿದ್ದರೂ ಗುಣವಾದರೂ ನಷ್ಟ ಹುಡುಗನದೇ. ಈ ಎರಡು ಷರತ್ತುಗಳನ್ನು ತೆಗೆಸಬಹುದಾದರೆ ಉಳ್ಳಾಲದವರ ಸಲಹೆಯೇ ಸರಿ. ತೆಗೆಯಲು ಕ್ಲಬ್ ಒಪ್ಪದಿದ್ದರೆ ಕಾಯುವುದು ಮೇಲು.

ಕಾಯುವುದು ತಾವು ಅಂದುಕೊಂಡಷ್ಟು ಅಪಾಯಕಾರಿಯೂ ಅಲ್ಲ. ನೋಂದಣಿ ಅವಧಿ (ಕ್ಲಬ್ಬುಗಳು ಹೊಸ ಆಟಗಾರರನ್ನು ಸೇರಿಸಿಕೊಳ್ಳುವ ನಿಗದಿತ ಕಾಲ) ಮುಗಿಯುವುದಕ್ಕೆ ಮೊದಲೇ ಒಪ್ಪಂದ ತೀರಿದ ಆಟಗಾರನನ್ನು ಆ ಅವಧಿಯ ನಂತರವೂ ನೋಂದಾಯಿಸಬಹುದೆಂಬ ವಿನಾಯಿತಿ ಫಿಫಾ ನಿಯಮದಲ್ಲಿದೆ. ನವೆಂಬರಿನಲ್ಲಿ ಮೊಣಕಾಲು ಸಿದ್ಧವಾದರೆ, ತಂಡದ ಪಟ್ಟಿಯಲ್ಲಿ ಜಾಗ ಖಾಲಿ ಇರುವ ಕ್ಲಬ್ ಆಗಲೂ ಅವನನ್ನು ಸೇರಿಸಿಕೊಳ್ಳಬಹುದು. ಇದನ್ನು ಕರಡು ಕಳುಹಿಸಿದವರು ತಾವಾಗಿ ಹೇಳಲಾರರು.

ಉತ್ತರ 4 – ಕುಂದಾಪುರದಿಂದ ಡಲ್ಲಾಸ್‌ಗೆ

ಒಂದು ಎಚ್ಚರಿಕೆ. ಒಪ್ಪಂದ ಮುಗಿದ ಆಟಗಾರನ ಸ್ವಾತಂತ್ರ್ಯದ ಬಗ್ಗೆ ‘ಫ್ರೀ ಏಜೆನ್ಸಿ’ ಎಂದು ಹುಡುಕಿದರೆ ಸಿಗುವ ಲೇಖನಗಳಲ್ಲಿ ಬಹುಪಾಲು ಇಲ್ಲಿನ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲಿನ ಲೀಗ್, ನಮ್ಮ ಫುಟ್‌ಬಾಲಿನದಲ್ಲ) ಕುರಿತಾದವು. ಅವನ್ನು ನೋಡಿ ತೀರ್ಮಾನಿಸಬೇಡಿ. ಇಲ್ಲಿ ಸಂಬಳದ ಖಾತರಿಯಿರುವ ಭಾಗ ಎಷ್ಟು ಎಂಬುದೇ ಮುಖ್ಯ, ಉಳಿದದ್ದು ತಂಡ ಕೈಬಿಟ್ಟ ದಿನಕ್ಕೆ ನಿಲ್ಲುತ್ತದೆ. ಅವಧಿ ಮುಗಿದವನನ್ನೂ ಫ್ರ್ಯಾಂಚೈಸ್ ಟ್ಯಾಗ್ ಹಾಕಿ ಒಂದು ವರ್ಷ ಹಿಡಿದಿಡಬಹುದು. ಸಿಯಾಟಲ್ ತಂಡದ ಅರ್ಲ್ ಥಾಮಸ್ 2018ರಲ್ಲಿ ಒಪ್ಪಂದದ ಕೊನೆಯ ವರ್ಷ ಕಾಲು ಮುರಿದುಕೊಂಡೂ ಮರುವರ್ಷ ಬಾಲ್ಟಿಮೋರಿನಲ್ಲಿ ನಾಲ್ಕು ವರ್ಷಕ್ಕೆ 5.5 ಕೋಟಿ ಡಾಲರಿನ ಒಪ್ಪಂದ ಪಡೆದರು ನಿಜ, ಆದರೆ ಅಷ್ಟರಲ್ಲಿ ಅವರು ಹಲವು ಬಾರಿ ಲೀಗಿನ ಶ್ರೇಷ್ಠರ ಸಾಲಿನಲ್ಲಿ ನಿಂತಿದ್ದವರು.

ಪ್ರಶ್ನಿಸಿದವರಿಂದ – ಬೋಳಾರದ ಮಾವ

ಎಲ್ಲರಿಗೂ ಕೃತಜ್ಞತೆಗಳು. ಆ ಎರಡು ಷರತ್ತುಗಳನ್ನು ಕೈಬಿಡುವಂತೆ ಕ್ಲಬ್ಬಿಗೆ ಇಮೇಲ್ ಬರೆಯಲು ಅಳಿಯನಿಗೆ ಹೇಳಿದ್ದೇನೆ. ಒಂದು ಸಂದೇಹ ಉಳಿಯಿತು. ಕ್ಲಬ್ ಒಪ್ಪದೆ ಮೇ 31 ದಾಟಿದರೆ, ಅವರ ಪಂದ್ಯದಲ್ಲೇ ಆದ ಗಾಯದ ಚಿಕಿತ್ಸೆಯ ಖರ್ಚು ಯಾರದು? ಅಕ್ಕನಿಗೆ ಇರುವ ಚಿಂತೆ ಅದೊಂದೇ.

ಉತ್ತರ 5 – ಕೊಡಿಯಾಲ್‌ಬೈಲ್ ವಕೀಲ

ಅದು ಈಗಿನ ಒಪ್ಪಂದದ ಒಕ್ಕಣೆಯನ್ನೂ ವಿಮಾ ಪಾಲಿಸಿಯನ್ನೂ ಅವಲಂಬಿಸಿದೆ. ಎರಡರ ಪ್ರತಿಯನ್ನೂ ಇಮೇಲಿನಲ್ಲೇ ಕೇಳಲಿ. ಅವುಗಳಲ್ಲಿ ಏನೇ ಇದ್ದರೂ, ಗುಣವಾಗುವವರೆಗಿನ ಚಿಕಿತ್ಸೆ ಮತ್ತು ಫಿಸಿಯೊ ವೆಚ್ಚವನ್ನು ಒಪ್ಪಂದ ಮುಗಿದ ನಂತರವೂ ಕ್ಲಬ್ ಭರಿಸುತ್ತದೆ ಎಂಬ ಪ್ರತ್ಯೇಕ ಪತ್ರವನ್ನು ಮೇ ತಿಂಗಳಲ್ಲೇ ಕೇಳಿ ಪಡೆಯಬೇಕು. ಈ ಬೇಡಿಕೆಯನ್ನು ಹೊಸ ಕರಾರಿನ ಮಾತಿನೊಡನೆ ಬೆರೆಸಬೇಡಿ. ಬೆರೆಸಿದರೆ ಚಿಕಿತ್ಸೆಯನ್ನು ತೋರಿಸಿ ಸಂಬಳ ಇಳಿಸುತ್ತಾರೆ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಗಾಯಗೊಂಡ ಸ್ಪೇನಿನ ಆಟಗಾರ ಸಾಂಟಿ ಕಾಜೋರ್ಲಾ ಅವರ ವಿಷಯದಲ್ಲಿ ಬೇರೆ ದಾರಿ ಹಿಡಿದಿತ್ತು. 2016ರ ಅಕ್ಟೋಬರಿನ ನಂತರ ಆಡಲಾಗದಿದ್ದರೂ ಒಂದು ವರ್ಷ ಮುಂದುವರಿಸುವ ಆಯ್ಕೆಯನ್ನು ಬಳಸಿ 2018ರವರೆಗೆ ಉಳಿಸಿಕೊಂಡಿತು. ಅವರು ಸ್ಪೇನಿನ ವಿಯ್ಯಾರಿಯಲ್ ಕ್ಲಬ್ಬಿಗೆ ಮರಳಿ ಮತ್ತೆ ಸ್ಪೇನ್ ತಂಡಕ್ಕೂ ಆಡಿದರು. ಅಂಥ ಔದಾರ್ಯವನ್ನು ನಿರೀಕ್ಷಿಸುವುದಕ್ಕಿಂತ ಪತ್ರ ಪಡೆಯುವುದು ಕ್ಷೇಮ.

ಮೇ ಕೊನೆಯಲ್ಲಿ ‘ಯಾವ ಬಾಕಿಯೂ ಇಲ್ಲ’ ಎಂದು ಮುದ್ರಿಸಿದ ಹಾಳೆಯೊಂದನ್ನು ಎನ್‌ಒಸಿಯ ಜೊತೆಗೆ ಸಹಿಗೆ ಇಡುವ ಸಂಭವವಿದೆ. ಸಂಬಳ ಖಾತೆಗೆ ಬಂದು, ಚಿಕಿತ್ಸೆಯ ಪತ್ರ ಕೈಸೇರುವವರೆಗೆ ಅದಕ್ಕೆ ಸಹಿ ಬೇಡ. ಸಾಲಪತ್ರ ಓದುವ ನಿಮ್ಮ ಕಣ್ಣಿಗೆ ಆ ಹಾಳೆ ಒಮ್ಮೆ ಬೀಳಲಿ.