‘ಅಭಿರುಚಿ’ ಒಬ್ಬರದೋ, ಊರಿನದೋ?

ಎಲ್ಲರಿಗೂ ನಮಸ್ಕಾರ.

ಬೆಳೆದ ಮನೆ, ಊರು, ಸುತ್ತಲಿನ ಜನ ಸೇರಿ ಕಲೆಯಲ್ಲಿ ನಮ್ಮ ಇಷ್ಟವನ್ನು ಹೇಗೆ ತಿದ್ದುತ್ತವೆ ಅಂತ ಒಂದು ಸಣ್ಣ ಲೇಖನ ಬರೆಯುತ್ತಿದ್ದೇನೆ. ‘ಅಭಿರುಚಿ’ ಎಂಬ ಪದ ಕೈ ಕೊಡುತ್ತಿದೆ. ‘ಅಭಿರುಚಿ ಅವರವರಿಗೆ ಬಿಟ್ಟದ್ದು’ ಅಂತ ಒಂದು ಕಡೆ ಬರೆದಿದ್ದೇನೆ, ‘ಅಭಿರುಚಿ ಊರಿನಿಂದ ಬರುತ್ತದೆ’ ಅಂತ ಇನ್ನೊಂದು ಕಡೆ. ಎರಡೂ ನಿಜವೇ. ಆದರೆ ಪದ ಒಂದೇ ಆದರೆ ಓದುವವರಿಗೆ ಗೊಂದಲ, ಅಲ್ವಾ?

‘ಲೋಕೋ ಭಿನ್ನರುಚಿಃ’ ಅಂತ ಮಾತಿನ ನಡುವೆ ಹೇಳುತ್ತೇವಲ್ಲ, ಅದರ ಮೂಲ ಕಾಳಿದಾಸನ ರಘುವಂಶದ ಆರನೇ ಸರ್ಗದಲ್ಲಿದೆ. ಸ್ವಯಂವರದಲ್ಲಿ ಇಂದುಮತಿ ಅಂಗರಾಜನನ್ನು ಬಿಟ್ಟು ಮುಂದೆ ಹೋಗುತ್ತಾಳೆ. ಅವನು ಚೆನ್ನಾಗಿಲ್ಲ ಅಂತಲ್ಲ, ಅವಳಿಗೆ ಸರಿಯಾಗಿ ನೋಡಲು ಬರುವುದಿಲ್ಲ ಅಂತಲೂ ಅಲ್ಲ, ಜನರ ರುಚಿ ಬೇರೆ ಬೇರೆ, ಅಷ್ಟೇ ಎನ್ನುತ್ತಾನೆ ಕವಿ. ನೋಡಲು ಬರುವುದೇ ಬೇರೆ, ಹಿಡಿಸುವುದೇ ಬೇರೆ ಎಂಬ ಗೆರೆ ಅಲ್ಲೇ ಇದೆ. ನಮ್ಮ ‘ಅಭಿರುಚಿ’ ಈ ಎರಡನ್ನೂ ಒಟ್ಟಿಗೆ ನುಂಗಿಬಿಟ್ಟಿದೆ.

ಈ ಗೆರೆಯನ್ನು ಬೆಂಗಳೂರಿನಲ್ಲಿ ಕಣ್ಣಾರೆ ನೋಡಬಹುದು. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿರುವ ರಾಮನವಮಿ ಸಂಗೀತೋತ್ಸವಕ್ಕೆ ಹೋಗಿ. ಕೇಳುಗರು ತೊಡೆಯ ಮೇಲೆ ತಾಳ ಹಾಕುತ್ತಾರೆ, ಆಲಾಪನೆ ಶುರುವಾದ ಕೂಡಲೇ ರಾಗದ ಹೆಸರನ್ನು ಪಕ್ಕದವರಿಗೆ ಪಿಸುಗುಟ್ಟುತ್ತಾರೆ. ಧಾರವಾಡದ ಕಡೆಯವರು ಸೇರುವ ಹಿಂದೂಸ್ತಾನಿ ಬೈಠಕ್ಕಿನಲ್ಲಿ ‘ವಾಹ್’, ‘ಕ್ಯಾ ಬಾತ್’ ಜಾಸ್ತಿ. ಕರಾವಳಿಯವರಿಗೆ ಯಕ್ಷಗಾನದಲ್ಲಿ ಹಾಡುವ ಭಾಗವತರು ಏರುದನಿ ಎತ್ತಿದರೆ ಮೈ ಜುಮ್ಮೆನ್ನುತ್ತದೆ, ಪಕ್ಕದಲ್ಲಿ ಕೂತ ಬಯಲುಸೀಮೆಯವನಿಗೆ ಅದು ಬರೀ ಕಿರುಚಾಟ. ಇದೆಲ್ಲ ಊರು ಕಲಿಸಿದ್ದು. ಆದರೆ ಅದೇ ರಾಮನವಮಿ ಕಚೇರಿಯಲ್ಲಿ, ಒಂದೇ ಸಾಲಿನಲ್ಲಿ, ಒಬ್ಬರು ತನಿ ಆವರ್ತನಕ್ಕೆಂದೇ (ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಕಾದು ಕೂತಿರುತ್ತಾರೆ, ಇನ್ನೊಬ್ಬರು ತನಿ ಶುರುವಾಯಿತೋ ಕಾಫಿಗೆ ಎದ್ದರು! ಕಿವಿ ಒಂದೇ ಬಗೆಯದು, ಇಷ್ಟ ಮಾತ್ರ ಅವರವರದು.

ಹಿಡಿಸುವುದಕ್ಕೆ ‘ಒಲವು’ ಸಾಕು ಅನ್ನಿಸುತ್ತದೆ. ಊರು ಕಲಿಸಿದ್ದಕ್ಕೆ ಏನೆನ್ನೋಣ? ‘ಸಹೃದಯತೆ’ ಹತ್ತಿರದ್ದು. ಕಾವ್ಯವನ್ನು ಮತ್ತೆ ಮತ್ತೆ ಓದಿ ಮನಸ್ಸು ಕನ್ನಡಿಯಂತೆ ತಿಳಿಯಾದವನು ಸಹೃದಯ ಎಂದು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಹೇಳಿದ್ದಾನೆ, ಅಂದರೆ ಅದು ರೂಢಿಯಿಂದ ಬರುವಂಥದ್ದು. ಆದರೆ ನಮ್ಮ ಭಾಷಣಗಳಲ್ಲಿ ಸಭೆಗೆ ಬಂದವರೆಲ್ಲ ಸಹೃದಯರೇ. ‘ಸದಭಿರುಚಿ’ಯೂ ಬೇಡ. ಸಿನಿಮಾ ಜಾಹೀರಾತಿನಲ್ಲಿ ಸುಮ್ನೆ ‘ಮನೆಮಂದಿಯೆಲ್ಲ ಕೂತು ನೋಡಬಹುದು’ ಅನ್ನುವಷ್ಟಕ್ಕೆ ಅದು ಇಳಿದಿದೆ.

ನನಗೆ ಒಪ್ಪಿಗೆಯಾಗಿರುವುದು ‘ಪಳಗಿದ ಕಿವಿ’. ‘ಕೈ ಪಳಗಿದೆ’ ಅನ್ನುವುದು ಹೇಗೂ ಇದೆ. ಆದರೆ ಚಿತ್ರಕಲೆಗೆ ‘ಪಳಗಿದ ಕಣ್ಣು’ ಅಂದರೆ ನಡೆಯುತ್ತದೆಯೇ? ಚಿನ್ನದ ರೇಕಿನ ಮೈಸೂರು ಚಿತ್ರಗಳನ್ನೇ ನೋಡಿಕೊಂಡು ಬಂದವರು ತಿಳಿಬಣ್ಣದ ಜಲವರ್ಣವನ್ನು ‘ಸಪ್ಪೆ’ ಅಂದಾಗ, ಅದು ಒಲವಿನ ಮಾತೋ, ಪಳಗಿದ ಕಣ್ಣಿನ ಮಾತೋ? ಧಾರವಾಡ, ಕಲಬುರಗಿ, ಕರಾವಳಿ ಕಡೆ ಊರು ಕಲಿಸಿದ ಇಂಥ ರುಚಿಗೆ ಬೇರೆ ಮಾತು ಬಳಕೆಯಲ್ಲಿದ್ದರೆ, ಯಾರು ಯಾವಾಗ ಹೇಳುತ್ತಾರೆ ಅನ್ನುವುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.