ಘಟ್ಟದ ಮಳೆಗೆ ‘ಆಲ್ ಸೀಸನ್’ ಟಯರ್ ಬೇಕೇ? (ಕ್ರೆಟಾ, 215/60 ಆರ್17)

ನೇತ್ರಾವತಿ_ದಡ:
ನನ್ನದು 2018ರ ಡೀಸೆಲ್ ಕ್ರೆಟಾ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ತಿಂಗಳಿಗೆರಡು ಸಲ ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗಿಬರುತ್ತೇನೆ. ಕಳೆದ ವಾರ ನೆಲ್ಯಾಡಿ ದಾಟಿದ ಮೇಲೆ ರಸ್ತೆಯಲ್ಲಿ ನೀರು ನಿಂತಿತ್ತು, ನಾನು ಎಂಬತ್ತರಲ್ಲಿದ್ದೆ. ಇದ್ದಕ್ಕಿದ್ದಂತೆ ಸ್ಟಿಯರಿಂಗ್ ಹಗುರಾಯಿತು. ತಿರುಗಿಸಿದರೂ ಗಾಡಿ ನೆಟ್ಟಗೇ ಹೋಯಿತು. ಬ್ರೇಕ್ ನೋಡಿಸಿದೆ, ಸರಿಯಿದೆ. ಟಯರ್ ಅಂಗಡಿಯವರು ‘ಆಲ್ ಸೀಸನ್ ಪರ್ಫಾರ್ಮೆನ್ಸ್’ ಹಾಕಿಸಿ, ಜೊತೆಗೆ 235/60ಕ್ಕೆ ಅಗಲ ಮಾಡಿಸಿ ಎನ್ನುತ್ತಾರೆ. ಗೆಳೆಯನೊಬ್ಬ ಎ/ಟಿ (ಆಲ್ ಟೆರೇನ್, ಎಲ್ಲ ಬಗೆಯ ನೆಲದ) ಟಯರೇ ಘಟ್ಟಕ್ಕೆ ಸರಿ ಎನ್ನುತ್ತಾನೆ. ಯಾರ ಮಾತು ಕೇಳಲಿ? ಟಯರ್ ಇನ್ನೂ ಬೋಳಾಗಿಲ್ಲ.

ಕಾಫಿತೋಟ:
ಇಬ್ಬರ ಮಾತೂ ಬೇಡ. ನಿಮ್ಮ ಗಾಡಿ ನೀರಿನ ಮೇಲೆ ತೇಲಿದೆ. ಟಯರಿನ ಗೆರೆಗಳು ನೀರನ್ನು ಹೊರದಬ್ಬಲಾಗದೆ ರಬ್ಬರು ರಸ್ತೆಯನ್ನು ಮುಟ್ಟಲೇ ಇಲ್ಲ. ಅಗಲ ಹೆಚ್ಚಿದರೆ ಟಯರ್ ಇನ್ನೂ ಸುಲಭವಾಗಿ ತೇಲುತ್ತದೆ, ಅಂಗಡಿಯವರು ಹೇಳದೆ ಬಿಟ್ಟದ್ದು ಇದನ್ನೇ. ಸಾಲದ್ದಕ್ಕೆ 235/60ರ ಸುತ್ತಳತೆ ಸುಮಾರು 3.5 ಶೇಕಡಾ ದೊಡ್ಡದು. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಲೂಬಹುದು. ಎ/ಟಿ ಕೆಸರಿಗೆ, ಕಲ್ಲಿಗೆ. ನಮ್ಮ ತೋಟದ ಜೀಪಿಗೆ ಅದನ್ನೇ ಹಾಕಿದ್ದೇವೆ, ಆದರೆ ಒದ್ದೆ ಕಾಂಕ್ರೀಟಿನ ಮೇಲೆ ಅದರ ಬ್ರೇಕನ್ನು ನಂಬಿ ನಾನು ಇಳಿಯುವುದಿಲ್ಲ.

ಮೊದಲು ಎರಡು ವಿಷಯ ನೋಡಿ ಹೇಳಿ. ಟಯರಿನ ಬದಿಯಲ್ಲಿ ‘ಡಾಟ್’ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ಏನಿದೆ? ಮೊದಲೆರಡು ವಾರ, ಉಳಿದೆರಡು ವರ್ಷ. ಮತ್ತೆ, ಗೆರೆಯ ಆಳ ಎಷ್ಟು ಮಿಲಿಮೀಟರ್? ನಾಲ್ಕೂ ಚಕ್ರದ್ದು ಬೇಕು.

ಜರ್ಸಿ_ಕನ್ನಡಿಗ:
ಹದಿನಾಲ್ಕು ವರ್ಷದಿಂದ ನ್ಯೂಜೆರ್ಸಿಯಲ್ಲಿ ಓಡಿಸುತ್ತಿದ್ದೇನೆ, ‘ಆಲ್ ಸೀಸನ್’ ಎಂಬ ಹೆಸರಿನ ಬಗ್ಗೆ ಒಂದು ಮಾತು. ಇಲ್ಲಿ ಸೀಸನ್ ಎಂದರೆ ಚಳಿಗಾಲವೂ ಸೇರಿತು. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟಯರಿನ ರಬ್ಬರು ಗಡುಸಾಗುತ್ತದೆ, ಆಲ್ ಸೀಸನ್ನಿನದು ಮೆತ್ತಗೇ ಇರುತ್ತದೆ. ಮಂಗಳೂರಿನಲ್ಲಿ ಆ ಗುಣ ಯಾವ ಕೆಲಸಕ್ಕೆ? ‘ಎಂ+ಎಸ್’ (ಕೆಸರು, ಹಿಮ) ಗುರುತನ್ನೂ ನೆಚ್ಚಬೇಡಿ, ಅದು ವಿನ್ಯಾಸದ ಮಾತು. ಹಿಮದಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಬೆಟ್ಟದೊಳಗೆ ಹಿಮದ ಹರಳಿನ ಚಿಹ್ನೆ ಇರುತ್ತದೆ. ನೀವು ಹುಡುಕಬೇಕಾದದ್ದು ಟಯರಿನ ಬದಿಯ ‘ಟ್ರ್ಯಾಕ್ಷನ್’ ದರ್ಜೆ: ಎಎ, ಎ, ಬಿ, ಸಿ. ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿ ಅಳೆದದ್ದು ಅದು, ತಿರುವಿನ ಲೆಕ್ಕ ಅದರಲ್ಲಿಲ್ಲ.

ನೇತ್ರಾವತಿ_ದಡ:
ಮುಂದಿನ ಎರಡೂ 4817, ಆಳ 2 ಮಿ.ಮೀ. ಹಿಂದಿನವು 1123, ಆಳ 5 ಮಿ.ಮೀ. ಹಳೆಯ ಯಜಮಾನರು ಹಿಂದಿನವನ್ನಷ್ಟೇ ಬದಲಿಸಿದ್ದಾರೆ! 2 ಮಿ.ಮೀ. ಎಂದರೆ ಇನ್ನೂ ಕಾನೂನಿನೊಳಗೇ ಅಲ್ಲವೇ? ಹೊಸ ಜೋಡಿಯನ್ನು ಮುಂದೆಯೇ ಹಾಕಿಸುತ್ತೇನೆ.

ಕಾಫಿತೋಟ:
1.6 ಮಿ.ಮೀ.ಗೆ ಕಾನೂನು ತಡೆಯುತ್ತದೆ, ಮಳೆ ಅದಕ್ಕೂ ಮೊದಲೇ ತಡೆಯುತ್ತದೆ. ಘಟ್ಟದ ಕಡೆಯವರು 3ಕ್ಕೇ ಬದಲಿಸುವುದು ಒಳ್ಳೆಯದು. 2017ರ ರಬ್ಬರು ಹೇಗೂ ಗಟ್ಟಿಯಾಗಿರುತ್ತದೆ.

ಹೊಸದನ್ನು ಮುಂದೆ ಮಾತ್ರ ಹಾಕಿಸಬೇಡಿ! ಅಂಗಡಿಯವರು ವಾದಿಸುತ್ತಾರೆ, ಮುಂದಿನ ಚಕ್ರದ ಎಳೆತದ ಗಾಡಿ ಎನ್ನುತ್ತಾರೆ. ಮುಂದಿನದು ಜಾರಿದರೆ ನಿಮಗೆ ಸ್ಟಿಯರಿಂಗಿನಲ್ಲೇ ಗೊತ್ತಾಯಿತು, ಕಾಲು ತೆಗೆದಿರಿ, ಉಳಿದಿರಿ. ಹಿಂದಿನದು ಜಾರಿದರೆ ತಿರುವಿನಲ್ಲಿ ಗಾಡಿಯೇ ಸುತ್ತಿಬಿಡುತ್ತದೆ. 2023ರ ಜೋಡಿ ಮುಂದಕ್ಕೆ, ಹೊಸದು ಹಿಂದಕ್ಕೆ. ಅದೇ ಅಳತೆ, ಎಚ್/ಟಿ (ಹೈವೇ ಟೆರೇನ್, ಹೆದ್ದಾರಿಯ) ಮಾದರಿ, ಲೋಡ್ ಸೂಚಿ ಈಗಿರುವುದಕ್ಕಿಂತ ಕಡಿಮೆ ಬೇಡ (96 ಎಂದರೆ ಚಕ್ರವೊಂದಕ್ಕೆ 710 ಕೆ.ಜಿ.). ಬ್ರ್ಯಾಂಡಿನ ಜಗಳಕ್ಕೆ ನಾನು ಬರುವುದಿಲ್ಲ. ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಪಟ್ಟಿ ನೋಡಿ ಹಾಕಿಸಿ, ಕಡಿಮೆ ಗಾಳಿಯೂ ತೇಲಿಸುತ್ತದೆ.

ನೇತ್ರಾವತಿ_ದಡ:
ಹಾಗೆಯೇ ಮಾಡಿಸಿದೆ, ಅಲೈನ್‌ಮೆಂಟ್ ಸಮೇತ. ಅಂಗಡಿಯವರು ನೀವು ಹೇಳಿದಂತೆಯೇ ವಾದಿಸಿದರು. ನಿನ್ನೆ ಜಡಿಮಳೆಯಲ್ಲಿ ಅದೇ ಜಾಗ ದಾಟಿದೆ, ಈ ಸಲ ಅರವತ್ತರಲ್ಲಿ. ಹಾಗಾಗಿ ಉಳಿಸಿದ್ದು ಟಯರೋ ವೇಗವೋ ಹೇಳಲಾರೆ. ಸ್ಟೆಪ್ನಿ ಮಾತ್ರ 2017ರದೇ, ಒಮ್ಮೆಯೂ ನೆಲ ಮುಟ್ಟಿಲ್ಲ. ಇರಲಿ ಅಲ್ಲವೇ?

ಕಾಫಿತೋಟ:
ಡಿಕ್ಕಿಯಲ್ಲಿ ಮಲಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಇರಲಿ. ಅದರಲ್ಲೇ ಘಟ್ಟ ಇಳಿಯಬೇಡಿ.