ಎಂಜಲು, ಪಿಷ್ಟ, ಅಯೋಡಿನ್: ಗ್ರಾಫ್ ಯಾಕೆ ಚಪ್ಪಟೆಯಾಯಿತು?

ಪ್ರಶ್ನೆ: ಸರ್, ನಾನು ಹೈಸ್ಕೂಲ್ ವಿಜ್ಞಾನ ಟೀಚರ್. ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಇರುತ್ತದಲ್ಲ, ಆ ಕಿಣ್ವ ಜಾಸ್ತಿಯಾದಷ್ಟೂ ಕ್ರಿಯೆ ಬೇಗ ಮುಗಿಯುತ್ತದೆ ಎಂದು ಮಕ್ಕಳಿಗೆ ತೋರಿಸಲು ಹೋದೆ. ಐದು ಟೆಸ್ಟ್ ಟ್ಯೂಬ್, ಒಂದೊಂದರಲ್ಲೂ 5 ಎಂಎಲ್ ಪಿಷ್ಟದ ದ್ರಾವಣ. ಅವಕ್ಕೆ ನೀರು ಬೆರೆಸಿದ ಎಂಜಲನ್ನು ಕ್ರಮವಾಗಿ 1, 2, 3, 4, 5 ಎಂಎಲ್ ಹಾಕಿದೆ. ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಅಯೋಡಿನ್‌ಗೆ ಬಿಟ್ಟು ನೋಡಿದೆವು; ಪಿಷ್ಟ ಉಳಿದಿದ್ದರೆ ಅದು ನೀಲಿಯಾಗುತ್ತದೆ. ನೀಲಿ ಹೋಗಲು ಮೊದಲನೆಯದಕ್ಕೆ 3 ನಿಮಿಷ, ಎರಡನೆಯದಕ್ಕೆ 2, ಉಳಿದ ಮೂರಕ್ಕೂ 1 ನಿಮಿಷ. ಒಂದು ಮಟ್ಟ ದಾಟಿದರೆ ವೇಗ ಏರುವುದಿಲ್ಲ ಅಂತ ಬರೆಸಲಾ?

ಉತ್ತರ: ಬೇಡ ಮೇಡಂ! ಲೆಕ್ಕ ಹಾಕಿ ನೋಡಿ. 1 ಎಂಎಲ್‌ಗೆ 180 ಸೆಕೆಂಡ್ ಆದರೆ ಉಳಿದವಕ್ಕೆ ಸುಮಾರು 90, 60, 45, 36 ಆಗಬೇಕು. ನಿಮಿಷಕ್ಕೊಮ್ಮೆ ನೋಡಿದರೆ 90 ಸೆಕೆಂಡಿನದು 2 ನಿಮಿಷ ಅಂತ ಕಾಣುತ್ತದೆ, ಕೊನೆಯ ಮೂರೂ 1 ನಿಮಿಷಕ್ಕೇ ಬಂದು ಕೂರುತ್ತವೆ. ನಿಮಗೆ ಬಂದಿದ್ದೂ ಅದೇ ಅಲ್ವಾ? ವೇಗ ಒಂದು ಮಟ್ಟಕ್ಕೆ ನಿಲ್ಲುವುದು ಪಿಷ್ಟವನ್ನು ಹೆಚ್ಚಿಸುತ್ತ ಹೋದಾಗ. ಪಿಷ್ಟ ಧಾರಾಳವಾಗಿದ್ದರೆ ಕಿಣ್ವ ಎರಡು ಪಟ್ಟಾದಾಗ ವೇಗವೂ ಎರಡು ಪಟ್ಟಾಗುತ್ತದೆ.

ಇನ್ನೊಂದು ತಪ್ಪು ಇದೆ. ನಿಮ್ಮ ಮೊದಲ ಟ್ಯೂಬಿನಲ್ಲಿ 6ರಲ್ಲಿ 1 ಪಾಲು ಎಂಜಲು, ಐದನೆಯದರಲ್ಲಿ 10ರಲ್ಲಿ 5. ಸಾಂದ್ರತೆ ಐದು ಪಟ್ಟಲ್ಲ, ಮೂರೇ ಪಟ್ಟು. ಪಿಷ್ಟವೂ ಒಂದೊಂದರಲ್ಲಿ ಒಂದೊಂದು ಥರ ತೆಳುವಾಯಿತು. ಕಡಿಮೆ ಬಿದ್ದಷ್ಟು ನೀರು ಸೇರಿಸಿ, ಎಲ್ಲದರಲ್ಲೂ ಒಟ್ಟು 10 ಎಂಎಲ್ ಮಾಡಿ.

ಈಗಿರುವ ಎಂಜಲಿನ ದ್ರಾವಣವನ್ನು ಇನ್ನೂ ನಾಲ್ಕು ಪಟ್ಟು ತೆಳು ಮಾಡಿ. ಆ ನೀರಿಗೆ ಚಿಟಿಕೆ ಉಪ್ಪು ಹಾಕಿ, ಈ ಕಿಣ್ವಕ್ಕೆ ಕ್ಲೋರೈಡ್ ಬೇಕು. ಆಗ ಮೊದಲ ಟ್ಯೂಬಿಗೆ 12 ನಿಮಿಷ ಹಿಡಿಯಬಹುದು, ಕೊನೆಯದಕ್ಕೆ ಎರಡೂವರೆ. 15 ಸೆಕೆಂಡಿಗೊಮ್ಮೆ ಹನಿ ತೆಗೆಯಿರಿ. ಗ್ರಾಫಿನಲ್ಲಿ ಸಮಯ ಹಾಕಿದರೆ ಗೆರೆ ಬಾಗುತ್ತದೆ. ಸಮಯದ ಬದಲು ವೇಗ ಹಾಕಿ, ಅಂದರೆ 1000ವನ್ನು ಸೆಕೆಂಡಿನಿಂದ ಭಾಗಿಸಿ ಹಾಕಿ, ಹೆಚ್ಚುಕಡಿಮೆ ನೇರವಾಗಿ ಬರುತ್ತದೆ.

ಬಣ್ಣ ಒಂದೇ ಸಲ ಹೋಗುವುದಿಲ್ಲ. ಮೊದಲು ಕಡುನೀಲಿ, ಆಮೇಲೆ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ, ಆಮೇಲೆ ಕೆಂಪುಗಂದು, ಕೊನೆಗೆ ಅಯೋಡಿನ್‌ನದೇ ಹಳದಿ. ಪಕ್ಕದಲ್ಲಿ ನೀರು ಬೆರೆಸಿದ ಅಯೋಡಿನ್ ಹನಿಯೊಂದನ್ನು ಇಟ್ಟುಕೊಂಡು ಹೋಲಿಸಿ. ಇಲ್ಲದಿದ್ದರೆ ‘ಹೋಯ್ತು, ಇನ್ನೂ ಇದೆ’ ಅಂತ ಮಕ್ಕಳಲ್ಲೇ ಜಗಳ.

ಪ್ರಶ್ನೆ: ಅಯೋಡಿನ್ ಅನ್ನು ಟ್ಯೂಬಿಗೇ ಹಾಕಿಬಿಟ್ಟರೆ ಸುಲಭ ಅಲ್ವಾ ಸರ್? ಮತ್ತೆ, ಎಂಜಲು ಕೊಡಲು ಮಕ್ಕಳು ನಾಚಿಕೊಳ್ಳುತ್ತಾರೆ.

ಉತ್ತರ: ಟ್ಯೂಬಿಗೆ ಹಾಕಬೇಡಿ, ಅಯೋಡಿನ್ ಕಿಣ್ವಕ್ಕೇ ಅಡ್ಡಿ ಮಾಡುತ್ತದೆ. ಪಿಷ್ಟವನ್ನು ಕುದಿಸಿದ ಮೇಲೆ ಪೂರ್ತಿ ಆರಲಿ. ನಾನೊಮ್ಮೆ ಅವಸರಕ್ಕೆ ಬಿಸಿಬಿಸಿಯನ್ನೇ ಸುರಿದೆ. ಅರ್ಧ ಗಂಟೆಯಾದರೂ ನೀಲಿ ಹೋಗಲಿಲ್ಲ, ಕಿಣ್ವ ಬೆಂದೇ ಹೋಗಿತ್ತು.

ಎಂಜಲು ಬೇಡವೆಂದರೆ ಮೊಳಕೆ ರಾಗಿ ತನ್ನಿ. ಅದರಲ್ಲೂ ಅಮೈಲೇಸ್ ಇದೆ. ಹುರಿಯಬೇಡಿ, ಹಸಿಯಾಗಿಯೇ ಜಜ್ಜಿ ತಣ್ಣೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಒಂದು ಗಂಟೆ ಅಲುಗಾಡಿಸದೆ ಇಡಿ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮೊದಲು ಆ ತಿಳಿಯನ್ನೇ ಅಯೋಡಿನ್‌ನಲ್ಲಿ ಪರೀಕ್ಷಿಸಿ. ನೀಲಿಯಾದರೆ ರಾಗಿಯ ಪಿಷ್ಟ ಇನ್ನೂ ಉಳಿದಿದೆ, ಮತ್ತೆ ಸೋಸಬೇಕು.